ಶುಗರ್ ಇಂಜೆಕ್ಷನ್‌ನಿಂದ ಕಣ್ಣು ಹೋಗುತ್ತಾ? ಕಣ್ಣಿನ ನರದ ಸ್ಟ್ರೋಕ್ ಸುದ್ದಿಯ ಹಿಂದಿರೋ ಲೆಕ್ಕ

ಒಜೆಂಪಿಕ್, ವೆಗೋವಿ, ರೈಬೆಲ್ಸಸ್ ಈ ಮೂರು ಹೆಸರು ಈಗ ಶುಗರ್ ಇರೋರ ಮನೇಲೂ ತೂಕ ಇಳಿಸಬೇಕು ಅನ್ನೋರ ಬಾಯಲ್ಲೂ ಓಡಾಡ್ತಿವೆ. ಮೂರರಲ್ಲೂ ಇರೋ ಔಷಧಿ ಒಂದೇ, ಸೆಮಾಗ್ಲುಟೈಡ್. ಇದನ್ನ ತಗೊಂಡ್ರೆ ಕಣ್ಣಿನ ನರಕ್ಕೆ ಸ್ಟ್ರೋಕ್ ಆಗಿ ಇದ್ದಕ್ಕಿದ್ದ ಹಾಗೆ ದೃಷ್ಟಿ ಹೋಗಬಹುದು ಅಂತ ಸುದ್ದಿ ಬರ್ತಾ ಇದೆ, ಆದ್ರೆ ಒಂದು ಕಡೆ "ಅಪಾಯ 4 ಪಟ್ಟು, 7 ಪಟ್ಟು ಜಾಸ್ತಿ" ಅಂತಾರೆ, ಇನ್ನೊಂದು ಕಡೆ "10,000 ಜನರಲ್ಲಿ ಒಬ್ಬರಿಗೆ" ಅಂತಾರೆ, ಮತ್ತೊಂದು ಕಡೆ "ಸಂಬಂಧ ಸಾಬೀತಾಗಿಲ್ಲ, ಹೆದರಬೇಡಿ" ಅಂತಾರೆ. ಓದಿದೋರಿಗೆ ತಲೆ ಕೆಡೋದು ಸಹಜ. ಈ ಮೂರು ಮಾತೂ ಹುಟ್ಟಿದ್ದು ಎಲ್ಲಿಂದ, ಯಾವುದನ್ನ ಎಷ್ಟು ನಂಬಬೇಕು ಅಂತ ಗೊತ್ತಾಗಬೇಕಾದ್ರೆ ಮೊದಲು ಆ ಕಾಯಿಲೆ ಏನು ಅಂತ ತಿಳ್ಕೋಬೇಕು, ಆಮೇಲೆ ಲೆಕ್ಕ.

ಕಣ್ಣಿನ ನರಕ್ಕೆ ಸ್ಟ್ರೋಕ್ ಅಂದ್ರೆ

ಕಣ್ಣಿನ ಹಿಂದುಗಡೆ ಇರೋ ಅಕ್ಷಿಪಟದಿಂದ ಮೆದುಳಿಗೆ ಹೋಗೋ ನರ ಇದೆಯಲ್ಲ, ಅದರೊಳಗೆ ಸುಮಾರು 10-12 ಲಕ್ಷ ಸಣ್ಣ ಎಳೆಗಳಿವೆ. ಇವಿಷ್ಟೂ ಒಟ್ಟಾಗಿ ಕಣ್ಣಿಂದ ಆಚೆ ಹೋಗೋ ಕಿಂಡಿ ಎಷ್ಟು ಅಗಲ ಅಂದ್ರೆ ಬರೀ ಒಂದೂವರೆ ಮಿಲಿಮೀಟರ್ ಆಸುಪಾಸು. ಆ ಜಾಗಕ್ಕೆ ರಕ್ತ ಕೊಡೋ ರಕ್ತನಾಳಗಳೂ ಕೂದಲಿಗಿಂತ ಸಣ್ಣವು. ಅಲ್ಲಿ ರಕ್ತದ ಹರಿವು ಕಡಿಮೆಯಾದ್ರೆ ಎಳೆಗಳು ಊದಿಕೊಳ್ಳುತ್ತವೆ, ಆದ್ರೆ ಊದೋಕೆ ಜಾಗ ಎಲ್ಲಿದೆ? ಬೆರಳು ಬಾತುಕೊಂಡಾಗ ಉಂಗುರ ಹೇಗೆ ಬಿಗಿಯಾಗಿ ಬೆರಳಿನ ರಕ್ತವನ್ನೇ ತಡೆದುಬಿಡುತ್ತೋ ಇಲ್ಲೂ ಹಾಗೇ, ಊದಿದ ಎಳೆಗಳೇ ಪಕ್ಕದ ರಕ್ತನಾಳಗಳನ್ನ ಒತ್ತುತ್ತವೆ, ರಕ್ತ ಇನ್ನೂ ಕಡಿಮೆ ಆಗುತ್ತೆ, ಊತ ಇನ್ನೂ ಹೆಚ್ಚಾಗುತ್ತೆ, ಕೊನೆಗೆ ಒಂದಷ್ಟು ಎಳೆಗಳು ಸತ್ತೇ ಹೋಗುತ್ತವೆ. ಸತ್ತ ಎಳೆ ಮತ್ತೆ ಬೆಳೆಯಲ್ಲ.

ಇದಕ್ಕೆ ಡಾಕ್ಟರುಗಳು ಇಟ್ಟಿರೋ ಹೆಸರು ನಾನ್ ಆರ್ಟರಿಟಿಕ್ ಆಂಟೀರಿಯರ್ ಇಸ್ಕೆಮಿಕ್ ಆಪ್ಟಿಕ್ ನ್ಯೂರೋಪತಿ, ಚಿಕ್ಕದಾಗಿ ಎನ್‌ಎಐಒಎನ್. ನೋವಿರಲ್ಲ, ಕಣ್ಣು ಕೆಂಪಾಗಲ್ಲ. ತುಂಬಾ ಜನಕ್ಕೆ ಗೊತ್ತಾಗೋದು ಬೆಳಗ್ಗೆ ಎದ್ದಾಗ. ಸಾಮಾನ್ಯವಾಗಿ ಒಂದೇ ಕಣ್ಣು, ಅದರಲ್ಲೂ ನೋಟದ ಕೆಳಗಿನ ಅರ್ಧ ಹೋಗೋದು ಜಾಸ್ತಿ, ಅಂದ್ರೆ ಎದುರಿಗಿರೋರ ಮುಖ ಕಾಣುತ್ತೆ ಆದ್ರೆ ಮುಂದಿರೋ ತಟ್ಟೆ, ಮೆಟ್ಟಿಲು ಮಂಜಾಗುತ್ತೆ. ಇನ್ನೊಂದು ಕಣ್ಣು ಸರಿ ಇರೋದ್ರಿಂದ ಎಷ್ಟೋ ಜನಕ್ಕೆ ಎರಡು ಮೂರು ದಿನ ಗೊತ್ತೇ ಆಗಲ್ಲ, ಮುಖ ತೊಳೆಯೋವಾಗ ಒಂದು ಕಣ್ಣು ಮುಚ್ಚಿದಾಗ ಅಯ್ಯೋ ಇದೇನು ಅನ್ಸುತ್ತೆ, ಆಗಲೂ "ಪೊರೆ ಬಂದಿರಬೇಕು, ನಿಧಾನಕ್ಕೆ ತೋರಿಸೋಣ" ಅಂತ ಸುಮ್ಮನಾಗ್ತಾರೆ. ಪೊರೆ ರಾತ್ರೋರಾತ್ರಿ ಬರಲ್ಲ.

ಯಾರಿಗೆ ಆಗುತ್ತೆ

50 ದಾಟಿದೋರಲ್ಲಿ ಇದು ಹೆಚ್ಚು. ಆದ್ರೂ ಅಪರೂಪವೇ, ಅಮೆರಿಕದ ಅಂದಾಜಿನ ಪ್ರಕಾರ ಆ ವಯಸ್ಸಿನ 1 ಲಕ್ಷ ಜನರಲ್ಲಿ ವರ್ಷಕ್ಕೆ 2ರಿಂದ 10 ಜನ. ಶುಗರ್, ಬಿಪಿ, ಜಾಸ್ತಿ ಕೊಲೆಸ್ಟರಾಲ್, ಗೊರಕೆ ಹೊಡೀತಾ ಉಸಿರು ನಿಂತು ನಿಂತು ಬರೋ ಸ್ಲೀಪ್ ಆಪ್ನಿಯಾ, ಇವೆಲ್ಲ ಇದ್ರೆ ಅಪಾಯ ಏರುತ್ತೆ.

ಆದ್ರೆ ಇವೆಲ್ಲಕ್ಕಿಂತ ಮುಖ್ಯವಾದ ಒಂದು ವಿಷಯ ಹುಟ್ಟಿನಿಂದಲೇ ಬಂದಿರುತ್ತೆ, ಅದು ನರದ ತಲೆಯ ಆಕಾರ. ಎಲ್ಲರ ಕಣ್ಣಲ್ಲೂ ನರ ಹೊರಡೋ ಜಾಗದ ನಡುವೆ ಬಟ್ಟಲಿನ ಥರ ಒಂದು ಸಣ್ಣ ಗುಳಿ ಇರುತ್ತೆ. ಕೆಲವರಿಗೆ ಆ ಗುಳಿ ಇಲ್ಲವೇ ಇಲ್ಲ ಅನ್ನೋಷ್ಟು ಸಣ್ಣದು, ಎಳೆಗಳೆಲ್ಲ ಇಕ್ಕಟ್ಟಾಗಿ ತುಂಬಿಕೊಂಡಿರುತ್ತವೆ. ಇಂಥ ನರಕ್ಕೇ ಮೇಲೆ ಹೇಳಿದ ಉಂಗುರದ ಕಥೆ ಆಗೋದು. ಇದನ್ನ ಪತ್ತೆ ಮಾಡೋಕೆ ದುಬಾರಿ ಟೆಸ್ಟ್ ಬೇಡ, ಕಣ್ಣಿನ ಡಾಕ್ಟರು ಪಾಪೆ ದೊಡ್ಡದಾಗೋ ಹನಿ ಹಾಕಿ ಒಳಗೆ ನೋಡಿದ್ರೆ ಕಾಣುತ್ತೆ. ಶುಗರ್ ಇರೋರು ವರ್ಷಕ್ಕೊಂದು ಸಲ ಹೇಗೂ ಆ ಪರೀಕ್ಷೆ ಮಾಡಿಸಲೇಬೇಕು, ಆಗ "ನನ್ನ ನರ ಇಕ್ಕಟ್ಟಾಗಿದೆಯಾ" ಅಂತ ಒಂದು ಪ್ರಶ್ನೆ ಕೇಳಿದ್ರೆ ಉತ್ತರ ಅಲ್ಲೇ ಸಿಗುತ್ತೆ.

ಬೆಳಗ್ಗೆಯೇ ಯಾಕೆ ಅನ್ನೋದಕ್ಕೆ ಒಂದು ವಿವರಣೆ ಕೊಟ್ಟವರು ಪಂಜಾಬಿನಲ್ಲಿ ಹುಟ್ಟಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಸೋಹನ್ ಸಿಂಗ್ ಹೇರೆ. ಕಣ್ಣಿನ ನರದ ರಕ್ತ ಸಂಚಾರ ಹೇಗೆ ಅಂತ ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಅವರೇ ದೊಡ್ಡ ಹೆಸರು. ನಿದ್ದೆಯಲ್ಲಿ ಬಿಪಿ ಇಳಿಯುತ್ತೆ, ರಾತ್ರಿ ಹೊತ್ತು ಬಿಪಿ ಮಾತ್ರೆ ತಗೊಂಡೋರಲ್ಲಿ ಇನ್ನೂ ಇಳಿಯುತ್ತೆ, ಮೊದಲೇ ಇಕ್ಕಟ್ಟಾಗಿರೋ ನರಕ್ಕೆ ಆ ಇಳಿತವೇ ಸಾಕು ಅನ್ನೋದು ಅವರ ವಾದ. ಎಲ್ಲರೂ ಇದನ್ನ ಒಪ್ಪಲ್ಲ, ಆದ್ರೆ ಒಂದು ಕಣ್ಣು ಹೋದವರಿಗೆ ಬಿಪಿ ಮಾತ್ರೆ ಮಲಗೋ ಹೊತ್ತಿಗೆ ಬೇಡ ಅಂತ ಎಷ್ಟೋ ಡಾಕ್ಟರುಗಳು ಈಗಲೂ ಹೊತ್ತು ಬದಲಾಯಿಸಿ ಕೊಡ್ತಾರೆ. ಬದಲಾಯಿಸಬೇಕಾದೋರು ಡಾಕ್ಟರು, ನಾವೇ ಮಾತ್ರೆ ನಿಲ್ಲಿಸಿದ್ರೆ ಮೆದುಳಿಗೇ ಸ್ಟ್ರೋಕ್ ಬರಬಹುದು.

ಸುದ್ದಿ ಶುರುವಾಗಿದ್ದು ಬಾಸ್ಟನ್‌ನಲ್ಲಿ

2024ರ ಜುಲೈನಲ್ಲಿ ಬಾಸ್ಟನ್‌ನ ಮಾಸ್ ಐ ಅಂಡ್ ಇಯರ್ ಆಸ್ಪತ್ರೆಯ ಡಾಕ್ಟರುಗಳು ಒಂದು ಅಧ್ಯಯನ ಪ್ರಕಟಿಸಿದರು. ತಮ್ಮ ಹತ್ತಿರ ಬರ್ತಿದ್ದ ಕಣ್ಣಿನ ನರದ ಪೇಶೆಂಟ್‌ಗಳಲ್ಲಿ ಈ ಔಷಧಿ ತಗೊಳ್ತಿರೋರು ಜಾಸ್ತಿ ಕಾಣಿಸ್ತಿದ್ದಾರಲ್ಲ ಅನ್ನೋ ಅನುಮಾನದಿಂದ ಶುರುವಾಗಿದ್ದು ಅದು. ಸುಮಾರು 17 ಸಾವಿರ ಪೇಶೆಂಟ್‌ಗಳ ದಾಖಲೆ ತೆಗೆದು ಅದರಲ್ಲಿ ಟೈಪ್ 2 ಶುಗರ್ ಇದ್ದ 710 ಜನ, ತೂಕ ಜಾಸ್ತಿ ಇದ್ದ 979 ಜನರನ್ನ ಆರಿಸಿ, ಸೆಮಾಗ್ಲುಟೈಡ್ ತಗೊಂಡೋರನ್ನೂ ಬೇರೆ ಔಷಧಿ ತಗೊಂಡೋರನ್ನೂ ಹೋಲಿಸಿದರು. ಶುಗರ್ ಗುಂಪಿನಲ್ಲಿ ಅಪಾಯ 4 ಪಟ್ಟಿಗಿಂತ ಸ್ವಲ್ಪ ಜಾಸ್ತಿ, ತೂಕದ ಗುಂಪಿನಲ್ಲಿ 7 ಪಟ್ಟಿಗಿಂತ ಜಾಸ್ತಿ ಅಂತ ಬಂತು. ಮೂರು ವರ್ಷದ ಅವಧಿಯಲ್ಲಿ ಔಷಧಿ ತಗೊಂಡ ಶುಗರ್ ಪೇಶೆಂಟ್‌ಗಳಲ್ಲಿ 8.9% ಜನಕ್ಕೆ ಎನ್‌ಎಐಒಎನ್ ಆಗಿತ್ತು, ತಗೊಳ್ಳದೋರಲ್ಲಿ 1.8%.

8.9% ಅಂದ್ರೆ ನೂರಕ್ಕೆ ಒಂಬತ್ತು ಜನ! ಇದು ನಿಜವೇ ಆಗಿದ್ರೆ ಇಷ್ಟೊತ್ತಿಗೆ ಜಗತ್ತಿನಲ್ಲಿ ಲಕ್ಷಾಂತರ ಜನ ಒಂದೊಂದು ಕಣ್ಣು ಕಳ್ಕೊಂಡಿರಬೇಕಿತ್ತು. ಹಾಗೆ ಆಗಿಲ್ಲ, ಯಾಕಂದ್ರೆ ಆ ಲೆಕ್ಕ ಬಂದಿರೋದು ಕಣ್ಣಿನ ನರಕ್ಕೇ ಅಂತ ಇರೋ ವಿಶೇಷ ಕ್ಲಿನಿಕ್ಕಿನಿಂದ. ಅಲ್ಲಿಗೆ ಜನ ಬರೋದೇ ಕಣ್ಣಿನ ನರದ ತೊಂದರೆ ಅನುಮಾನ ಇದ್ದಾಗ. ಮಂಡಿ ನೋವಿನ ಕ್ಲಿನಿಕ್ಕಿನಲ್ಲಿ ಕೂತು ಊರಿನಲ್ಲಿ ಎಷ್ಟು ಜನಕ್ಕೆ ಮಂಡಿ ನೋವಿದೆ ಅಂತ ಎಣಿಸಿದ ಹಾಗೆ. ಒಟ್ಟು ಕೇಸುಗಳ ಸಂಖ್ಯೆಯೂ ಸಣ್ಣದು, ಔಷಧಿ ತಗೊಂಡ ಎರಡೂ ಗುಂಪು ಸೇರಿ 37. ಆ ಡಾಕ್ಟರುಗಳೇ ಇದು ಕಾರಣ ಅಂತ ಸಾಬೀತಾಗಿಲ್ಲ, ದೊಡ್ಡ ಅಧ್ಯಯನ ಬೇಕು ಅಂತ ಸ್ಪಷ್ಟವಾಗಿ ಹೇಳಿದ್ರು. ಸುದ್ದಿಯಲ್ಲಿ ಉಳಿದಿದ್ದು ಮಾತ್ರ 4 ಪಟ್ಟು, 7 ಪಟ್ಟು ಅನ್ನೋ ಅಂಕಿ. ಹಾಗಂತ ಅವರನ್ನ ದೂರೋ ಹಾಗಿಲ್ಲ, ತಮ್ಮ ಕಣ್ಣ ಮುಂದೆ ಕಂಡಿದ್ದನ್ನ ಅವರು ಹೇಳದೇ ಇದ್ದಿದ್ರೆ ಮುಂದಿನ ಯಾವ ಅಧ್ಯಯನವೂ ಇಷ್ಟು ಬೇಗ ನಡೀತಿರಲಿಲ್ಲ.

ನಾಲ್ಕು ಪಟ್ಟು ಹೋಗಿ ಎರಡು ಪಟ್ಟಾಯ್ತು

ಡೆನ್ಮಾರ್ಕ್‌ನಲ್ಲಿ ಪ್ರತಿಯೊಬ್ಬರ ಔಷಧಿ, ಆಸ್ಪತ್ರೆ ದಾಖಲೆ ಎಲ್ಲ ರಾಷ್ಟ್ರೀಯ ರಿಜಿಸ್ಟರಿನಲ್ಲಿ ಇರುತ್ತೆ. ಅಲ್ಲಿ ಟೈಪ್ 2 ಶುಗರ್ ಇರೋ 4,24,152 ಜನರ ದಾಖಲೆ ನೋಡಿದಾಗ ಅಪಾಯ 2.19 ಪಟ್ಟು ಅಂತ ಬಂತು. ಇಲ್ಲಿ ಕ್ಲಿನಿಕ್ಕಿನ ತೊಂದರೆ ಇಲ್ಲ, ಇಡೀ ದೇಶದ ಲೆಕ್ಕ. ಇದನ್ನ ಪಟ್ಟಿನಲ್ಲಿ ನೋಡೋ ಬದಲು ತಲೆ ಎಣಿಸಿ ನೋಡೋಣ: 10,000 ಶುಗರ್ ಪೇಶೆಂಟ್‌ಗಳನ್ನ ಒಂದು ವರ್ಷ ಗಮನಿಸಿದ್ರೆ ಈ ಔಷಧಿ ಇಲ್ಲದೋರಲ್ಲಿ ಸುಮಾರು 1 ಕೇಸು, ತಗೊಂಡೋರಲ್ಲಿ 2ಕ್ಕಿಂತ ಸ್ವಲ್ಪ ಹೆಚ್ಚು. ಎರಡು ಪಟ್ಟು ಅನ್ನೋದೂ ಸತ್ಯ, ಹತ್ತು ಸಾವಿರಕ್ಕೆ ಒಂದು ಜಾಸ್ತಿ ಅನ್ನೋದೂ ಸತ್ಯ. ಹೆಡ್‌ಲೈನಿಗೆ ಒಂದೇ ಸಿಕ್ಕಿದ್ರೆ ಓದುಗರಿಗೆ ಅರ್ಧ ಸತ್ಯ ಸಿಗುತ್ತೆ ಅಷ್ಟೇ.

ಅಮೆರಿಕದಲ್ಲಿ ಹಲವು ಡೇಟಾಬೇಸ್ ಸೇರಿಸಿ ಟೈಪ್ 2 ಶುಗರ್ ಇರೋ 3.7 ಕೋಟಿ ಜನರ ಮೇಲೆ ಮಾಡಿದ ಅಧ್ಯಯನ 2025ರಲ್ಲಿ ಬಂತು. ಅದರಲ್ಲಿ ಒಂದು ವಿಧಾನ ಬಹಳ ಚೆನ್ನಾಗಿದೆ, ಒಬ್ಬರನ್ನ ಇನ್ನೊಬ್ಬರ ಜೊತೆ ಹೋಲಿಸೋ ಬದಲು ಅದೇ ವ್ಯಕ್ತಿ ಔಷಧಿ ತಗೊಳ್ತಿದ್ದ ಕಾಲವನ್ನ ತಗೊಳ್ಳದೇ ಇದ್ದ ಕಾಲದ ಜೊತೆ ಹೋಲಿಸ್ತಾರೆ, ಹಾಗಾಗಿ ವಂಶ, ನರದ ಆಕಾರ ಇವೆಲ್ಲ ಎರಡೂ ಕಡೆ ಒಂದೇ ಇರುತ್ತೆ. ಆ ವಿಧಾನದಲ್ಲಿ ಬಂದ ಅಂಕಿ 1.32, ಅಂದ್ರೆ ಅಪಾಯ ಮೂರನೇ ಒಂದು ಭಾಗದಷ್ಟು ಜಾಸ್ತಿ.

ಇವನ್ನೆಲ್ಲ ಗುಡ್ಡೆ ಹಾಕಿ ನೋಡಿದ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ ಇಎಂಎದ ಸುರಕ್ಷತಾ ಸಮಿತಿ 2025ರ ಜೂನ್‌ನಲ್ಲಿ ತೀರ್ಮಾನ ಹೇಳ್ತು. ಎನ್‌ಎಐಒಎನ್ ಅನ್ನೋದು ಸೆಮಾಗ್ಲುಟೈಡ್‌ನ ಅತಿ ಅಪರೂಪದ ಸೈಡ್ ಎಫೆಕ್ಟ್, 10,000 ಜನರಲ್ಲಿ ಒಬ್ಬರವರೆಗೆ ಆಗಬಹುದು, ಔಷಧಿಯ ಚೀಟಿಯಲ್ಲಿ ಇದನ್ನ ಬರೀಬೇಕು, ಇದ್ದಕ್ಕಿದ್ದಂತೆ ದೃಷ್ಟಿ ಕಡಿಮೆಯಾದ್ರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಬೇಕು, ಎನ್‌ಎಐಒಎನ್ ಅಂತ ಖಚಿತವಾದ್ರೆ ಔಷಧಿ ನಿಲ್ಲಿಸಬೇಕು. ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಕೆ ಕೊಡ್ತು. ಅಂದ್ರೆ ಔಷಧಿಗೆ ನಿಷೇಧ ಇಲ್ಲ, "ಏನೂ ಇಲ್ಲ ಬಿಡಿ" ಅನ್ನೋದೂ ಇಲ್ಲ.

ಔಷಧಿಯೇ ಕಾರಣನಾ, ಶುಗರೇ ಕಾರಣನಾ

ಇಲ್ಲಿ ವಾದ ಇನ್ನೂ ಮುಗಿದಿಲ್ಲ. ಔಷಧಿ ಪರ ಮಾತಾಡೋರು ಹೇಳೋದು ಏನಂದ್ರೆ, ಸೆಮಾಗ್ಲುಟೈಡ್ ಯಾರಿಗೆ ಕೊಡ್ತಾರೆ? ಶುಗರ್ ಹಿಡಿತಕ್ಕೆ ಬರದೋರಿಗೆ, ತೂಕ ಜಾಸ್ತಿ ಇರೋರಿಗೆ, ಅಂಥೋರಲ್ಲಿ ಸ್ಲೀಪ್ ಆಪ್ನಿಯಾ, ಬಿಪಿ ಎಲ್ಲ ಹೇಗೂ ಇರುತ್ತೆ, ಅವರಿಗೆ ಎನ್‌ಎಐಒಎನ್ ಆಗೋ ಅಪಾಯ ಮೊದಲಿಂದಲೂ ಇತ್ತು, ಔಷಧಿ ಪಕ್ಕದಲ್ಲಿ ಸಿಕ್ಕಿಹಾಕ್ಕೊಂಡಿದೆ ಅಷ್ಟೇ ಅಂತ. ಈ ಮಾತಲ್ಲಿ ತೂಕ ಇದೆ. ಆದ್ರೆ ಅದೇ ವ್ಯಕ್ತಿಯನ್ನ ಅವರ ಜೊತೆಗೇ ಹೋಲಿಸಿದಾಗಲೂ ಸ್ವಲ್ಪ ಅಪಾಯ ಉಳಿದಿದೆ ಅನ್ನೋದು ಈ ವಾದಕ್ಕೆ ಪೂರ್ತಿ ಉತ್ತರ ಅಲ್ಲದಿದ್ರೂ ಗಟ್ಟಿ ಉತ್ತರ.

ಇನ್ನೊಂದು ಕಡೆಯವರು ಕಾರಣಗಳನ್ನ ಹುಡುಕ್ತಿದ್ದಾರೆ. ಈ ಔಷಧಿ ಯಾವ ರಿಸೆಪ್ಟರ್ (ಜೀವಕೋಶದಲ್ಲಿ ಔಷಧಿ ಹೋಗಿ ಕೂರೋ ಜಾಗ) ಮೇಲೆ ಕೆಲಸ ಮಾಡುತ್ತೋ ಅದು ಕಣ್ಣಿನ ನರದಲ್ಲೂ ಇದೆ ಅನ್ನೋದು ಒಂದು. ಹಸಿವು ಕಡಿಮೆಯಾಗಿ ನೀರೂ ಕಡಿಮೆ ಕುಡಿದು, ವಾಂತಿ ಆಗಿ, ದೇಹದಲ್ಲಿ ನೀರಿನ ಅಂಶ ಇಳಿದು ಬಿಪಿ ಕುಸಿಯೋದು ಇನ್ನೊಂದು. ಶುಗರ್ ಸರ್ರನೆ ಇಳಿಯೋದು ಮತ್ತೊಂದು. ಯಾವುದೂ ಸಾಬೀತಾಗಿಲ್ಲ.

ಶುಗರ್ ಬೇಗ ಇಳಿದಾಗ ಕಣ್ಣಿಗೆ ತೊಂದರೆ ಆಗೋದು ಹೊಸದೇನಲ್ಲ ಅನ್ನೋದನ್ನೂ ಇಲ್ಲೇ ಹೇಳಬೇಕು, ಯಾಕಂದ್ರೆ ಎರಡನ್ನೂ ಜನ ಕಲಸಿಬಿಡ್ತಾರೆ. 2016ರ ಸಸ್ಟೇನ್-6 ಟ್ರಯಲ್‌ನಲ್ಲಿ ಸೆಮಾಗ್ಲುಟೈಡ್ ತಗೊಂಡೋರಲ್ಲಿ ಡಯಾಬೆಟಿಕ್ ರೆಟಿನೋಪತಿ ಕೆಡೋದು 3% ಜನಕ್ಕೆ, ತಗೊಳ್ಳದೋರಲ್ಲಿ 1.8%. ಅದು ಅಕ್ಷಿಪಟದ ಕಾಯಿಲೆ, ಮೊದಲೇ ರೆಟಿನೋಪತಿ ಇದ್ದೋರಲ್ಲಿ ಹೆಚ್ಚು, ಇನ್ಸುಲಿನ್ ಶುರು ಮಾಡಿದಾಗಲೂ ಹೀಗಾಗೋದನ್ನ ಡಾಕ್ಟರುಗಳು ಹಿಂದೆಯೇ ನೋಡಿದ್ದಾರೆ. ಅದಕ್ಕೆ ಲೇಸರ್, ಇಂಜೆಕ್ಷನ್ ಅಂತ ಟ್ರೀಟ್‌ಮೆಂಟ್ ಇದೆ. ನರದ ಸ್ಟ್ರೋಕ್ ಬೇರೆ, ಇದು ಬೇರೆ.

ಇಂಥದ್ದೇ ಒಂದು ಹಳೇ ಉದಾಹರಣೆ ವಯಾಗ್ರಾ. 1998ರಲ್ಲಿ ಬಂದ ಆ ಮಾತ್ರೆ ತಗೊಂಡ ಕೆಲವರಿಗೆ ಎನ್‌ಎಐಒಎನ್ ಆಗಿದೆ ಅಂತ ವರದಿಗಳು ಬಂದು 2005ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ಲೇಬಲ್ ಬದಲಾಯಿಸಿತು. ಮಾತ್ರೆ ಇವತ್ತಿಗೂ ಮಾರಾಟದಲ್ಲಿದೆ, ಬದಲಾಗಿದ್ದು ಏನಂದ್ರೆ ಈಗಾಗಲೇ ಒಂದು ಕಣ್ಣು ಹೀಗೆ ಕಳ್ಕೊಂಡೋರಿಗೆ ಎಚ್ಚರಿಕೆ ಕೊಡೋದು ರೂಢಿಯಾಯ್ತು. ಸೆಮಾಗ್ಲುಟೈಡ್ ಕೂಡ ಬಹುಶಃ ಇದೇ ದಾರಿಯಲ್ಲಿ ಹೋಗುತ್ತೆ.

ತಕ್ಕಡಿಯ ಇನ್ನೊಂದು ಕಡೆ

ಒಂದು ಕಣ್ಣಿನ ಅರ್ಧ ನೋಟ ಹೋಗೋದು ಸಣ್ಣ ವಿಷಯ ಅಲ್ಲವೇ ಅಲ್ಲ, ಅದನ್ನ ಅಪರೂಪ ಅಂತ ತಳ್ಳಿಹಾಕೋದು ತಪ್ಪು. ಆದ್ರೆ ಔಷಧಿ ನಿಲ್ಲಿಸೋ ಮುಂಚೆ ಅದು ಏನು ಕೊಡ್ತಿದೆ ಅಂತಲೂ ನೋಡಬೇಕು. 2023ರ ಸೆಲೆಕ್ಟ್ ಟ್ರಯಲ್‌ನಲ್ಲಿ 17,604 ಜನ ಇದ್ರು, ಎಲ್ಲರಿಗೂ ತೂಕ ಜಾಸ್ತಿ, ಎಲ್ಲರಿಗೂ ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ, ಶುಗರ್ ಯಾರಿಗೂ ಇಲ್ಲ. ಸರಾಸರಿ ಮೂರು ವರ್ಷ ಚಿಲ್ಲರೆಯಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಥವಾ ಹೃದಯದ ಕಾರಣದ ಸಾವು ಡಮ್ಮಿ ಔಷಧಿ ಗುಂಪಿನಲ್ಲಿ 8%, ಸೆಮಾಗ್ಲುಟೈಡ್ ಗುಂಪಿನಲ್ಲಿ 6.5%. ಅಂದ್ರೆ ಇಂಥ 10,000 ಜನಕ್ಕೆ ಮೂರು ವರ್ಷ ಚಿಲ್ಲರೆ ಕೊಟ್ರೆ ಸುಮಾರು 150 ಜನ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಥವಾ ಸಾವಿನಿಂದ ಪಾರಾಗ್ತಾರೆ, ವರ್ಷಕ್ಕೆ ಹತ್ತು ಸಾವಿರಕ್ಕೆ ಒಂದು ಜಾಸ್ತಿ ಅನ್ನೋ ಯುರೋಪಿನ ಲೆಕ್ಕವನ್ನೇ ಇವರಿಗೂ ಹಾಕಿದ್ರೆ ಅದೇ ಅವಧಿಯಲ್ಲಿ ಹೆಚ್ಚುವರಿಯಾಗಿ ಮೂರೋ ನಾಲ್ಕೋ ಜನಕ್ಕೆ ಕಣ್ಣಿನ ನರದ ಸ್ಟ್ರೋಕ್ ಆಗಬಹುದು.

ಈ ತಕ್ಕಡಿ ಹೃದಯದ ಕಾಯಿಲೆ ಇರೋರಿಗೆ ಸ್ಪಷ್ಟವಾಗಿ ಒಂದು ಕಡೆ ವಾಲುತ್ತೆ. ಆದ್ರೆ 30 ವರ್ಷದೋರು, ಶುಗರ್ ಇಲ್ಲ, ಹೃದಯ ಸರಿ ಇದೆ, ಮದುವೆಗೆ ಮುಂಚೆ ಎಂಟು ಕೆಜಿ ಇಳಿಸಬೇಕು ಅಂತ ಇಂಜೆಕ್ಷನ್ ತಗೊಂಡ್ರೆ? ಅವರಿಗೆ ಆ 150ರ ಲಾಭ ಇಲ್ಲ. ಕಣ್ಣಿನ ಅಪಾಯವೂ ಚಿಕ್ಕ ವಯಸ್ಸಿಗೆ ಕಡಿಮೆಯೇ ಇರಬಹುದು, ಆದ್ರೆ ತಕ್ಕಡಿಯ ಇನ್ನೊಂದು ತಟ್ಟೆ ಬಹುತೇಕ ಖಾಲಿ. "ಈ ಔಷಧಿ ಒಳ್ಳೇದಾ ಕೆಟ್ಟದ್ದಾ" ಅಂತ ಕೇಳಿದ್ರೆ ಅದಕ್ಕೇ ಉತ್ತರ ಸಿಗಲ್ಲ, ಯಾರಿಗೆ ಅಂತ ಕೇಳಿದ್ರೆ ಸಿಗುತ್ತೆ.

ನಮ್ಮ ದೇಶಕ್ಕೆ ಇದು ಯಾಕೆ ದೊಡ್ಡ ವಿಷಯ

2023ರಲ್ಲಿ ಬಂದ ಐಸಿಎಂಆರ್ ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ. ರೈಬೆಲ್ಸಸ್ ಮಾತ್ರೆ 2022ರಲ್ಲೇ ಬಂತು, ವೆಗೋವಿ 2025ರ ಜೂನ್‌ನಲ್ಲಿ, ಒಜೆಂಪಿಕ್ ಅದೇ ವರ್ಷದ ಡಿಸೆಂಬರ್‌ನಲ್ಲಿ. ಇಲ್ಲೀವರೆಗೆ ಬೆಲೆಯೇ ಒಂದು ಬೇಲಿ ಆಗಿತ್ತು. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ, ಆಮೇಲೆ ದೇಶಿ ಕಂಪನಿಗಳ ಜೆನೆರಿಕ್‌ಗೆ ದಾರಿ ಸಲೀಸು, ಬೆಲೆ ಇಳಿದಷ್ಟೂ ತಗೊಳ್ಳೋರು ಜಾಸ್ತಿ ಆಗ್ತಾರೆ. 10 ಲಕ್ಷ ಜನ ತಗೊಂಡ್ರೂ ಯುರೋಪಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 100 ಹೆಚ್ಚುವರಿ ಕೇಸು.

ನೂರು ಕೇಸು ಇಷ್ಟು ದೊಡ್ಡ ದೇಶದಲ್ಲಿ ಚದುರಿಹೋದ್ರೆ ಯಾರ ಕಣ್ಣಿಗೂ ಬೀಳಲ್ಲ, ನಮ್ಮ ಕಷ್ಟ ಇರೋದೇ ಅಲ್ಲಿ. ಡೆನ್ಮಾರ್ಕ್ ಥರ ಎಲ್ಲರ ದಾಖಲೆ ಒಂದೇ ಕಡೆ ಇಲ್ಲ, ಇಂಜೆಕ್ಷನ್ ಬರೆದುಕೊಟ್ಟ ಶುಗರ್ ಡಾಕ್ಟರಿಗೆ ಪೇಶೆಂಟಿನ ಕಣ್ಣು ಹೋಗಿದ್ದು ಗೊತ್ತಾಗಲ್ಲ, ಕಣ್ಣು ನೋಡಿದ ಡಾಕ್ಟರಿಗೆ ಇಂಜೆಕ್ಷನ್ ವಿಷಯ ಪೇಶೆಂಟು ಹೇಳಿರಲ್ಲ, ಕಣ್ಣಿಗೂ ಹೊಟ್ಟೆಗೆ ಚುಚ್ಚೋ ಇಂಜೆಕ್ಷನ್‌ಗೂ ಏನು ಸಂಬಂಧ ಅಂತ ಅವರಿಗೆ ಅನ್ಸಿರುತ್ತೆ. ಹಾಗಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ತಗೊಳ್ತಿರೋ ಎಲ್ಲ ಔಷಧಿಯ ಹೆಸರೂ ಹೇಳಬೇಕು, ಆಯುರ್ವೇದದ್ದು, ಜಿಮ್‌ನಲ್ಲಿ ಕೊಟ್ಟಿದ್ದು ಎಲ್ಲ ಸೇರಿಸಿ. ಸೈಡ್ ಎಫೆಕ್ಟ್ ಅನುಮಾನ ಇದ್ರೆ ಪೇಶೆಂಟೇ ನೇರವಾಗಿ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಪ್ರೋಗ್ರಾಂಗೆ ವರದಿ ಮಾಡಬಹುದು, 1800-180-3024 ಅನ್ನೋ ಉಚಿತ ಸಹಾಯವಾಣಿ ಅದಕ್ಕೇ ಇದೆ. ಇದನ್ನ ಬಳಸೋರು ಜಾಸ್ತಿಯಾದ್ರೆ ಮಾತ್ರ ನಮ್ಮ ಜನರ ಲೆಕ್ಕ ನಮಗೆ ಸಿಗುತ್ತೆ, ಇಲ್ಲಾಂದ್ರೆ ಯಾವಾಗಲೂ ಯುರೋಪಿನ ಅಂಕಿಯನ್ನೇ ನಮಗೆ ಹೊಂದಿಸಿಕೊಳ್ತಾ ಕೂರಬೇಕು.

ಟ್ರೀಟ್‌ಮೆಂಟೇ ಇಲ್ಲ ಅಂದ್ಮೇಲೆ ಓಡೋದು ಯಾಕೆ

ಎನ್‌ಎಐಒಎನ್‌ಗೆ ಸಾಬೀತಾದ ಟ್ರೀಟ್‌ಮೆಂಟ್ ಇಲ್ಲ. ನರದ ಸುತ್ತಲಿನ ಪೊರೆ ಸೀಳಿ ಒತ್ತಡ ಇಳಿಸೋ ಆಪರೇಷನ್ ಒಂದು ಕಾಲದಲ್ಲಿ ಮಾಡ್ತಿದ್ರು, 1995ರಲ್ಲಿ ಪ್ರಕಟವಾದ ಅಮೆರಿಕದ ಟ್ರಯಲ್‌ನಲ್ಲಿ ಆಪರೇಷನ್ ಆದೋರಲ್ಲಿ 24% ಜನಕ್ಕೆ ನೋಟ ಇನ್ನೂ ಕೆಡ್ತು, ಸುಮ್ಮನೆ ನೋಡ್ಕೊಂಡಿದ್ದೋರಲ್ಲಿ 12%. ಅಲ್ಲಿಗೆ ಆಪರೇಷನ್ ನಿಂತಿತು. ಆ ಟ್ರಯಲ್‌ನಿಂದ ಇನ್ನೊಂದು ಉಪಕಾರ ಆಯ್ತು, ಏನೂ ಮಾಡದೇ ಬಿಟ್ಟೋರಲ್ಲೂ ಆರು ತಿಂಗಳಲ್ಲಿ 40%ಗೂ ಹೆಚ್ಚು ಜನಕ್ಕೆ ಚಾರ್ಟಿನಲ್ಲಿ ಮೂರು ಸಾಲು ಅಥವಾ ಹೆಚ್ಚು ಸುಧಾರಿಸಿತ್ತು ಅಂತ ಗೊತ್ತಾಯ್ತು. ಇದು ನೆನಪಿಟ್ಟುಕೊಳ್ಳಬೇಕಾದ ಮಾತು, ಯಾಕಂದ್ರೆ ಯಾರೋ ಕಣ್ಣಿಗೆ ಎಣ್ಣೆ ಬಿಟ್ಟು, ಇನ್ಯಾರೋ ದುಬಾರಿ ಇಂಜೆಕ್ಷನ್ ಕೊಟ್ಟು "ನಮ್ಮ ಚಿಕಿತ್ಸೆಯಿಂದ ನೋಟ ಬಂತು" ಅಂದಾಗ ಅದು ತಾನಾಗೇ ಬರ್ತಿದ್ದ ನೋಟ ಆಗಿರಬಹುದು. ಸ್ಟೀರಾಯ್ಡ್ ಕೊಡಬೇಕು ಅಂತ ಹೇರೆ ಅವರೇ ಗಟ್ಟಿಯಾಗಿ ವಾದಿಸ್ತಿದ್ರು, ಬೇರೆ ಬಹಳ ತಜ್ಞರು ಹೇರೆ ಅವರ ಅಧ್ಯಯನದಲ್ಲಿ ಪೇಶೆಂಟ್‌ಗಳನ್ನ ಲಾಟರಿ ಥರ ಹಂಚಿರಲಿಲ್ಲ, ನಂಬೋಕಾಗಲ್ಲ ಅಂತಾರೆ. ಶುಗರ್ ಇರೋರಿಗೆ ಸ್ಟೀರಾಯ್ಡ್ ಕೊಟ್ರೆ ಶುಗರ್ ಮೇಲೇರೋದಂತೂ ಗ್ಯಾರಂಟಿ.

ಹಾಗಾದ್ರೆ ಅದೇ ದಿನ ಆಸ್ಪತ್ರೆಗೆ ಓಡಿ ಅಂತ ಯಾಕೆ ಹೇಳೋದು? ಮನೇಲಿ ಕೂತೋರಿಗೆ ಇದು ಎನ್‌ಎಐಒಎನ್ ಅಂತ ಗೊತ್ತಾಗೋದಿಲ್ಲವಲ್ಲ. ಇದರ ಹಾಗೇ ಕಾಣೋ, ಆದ್ರೆ ಟ್ರೀಟ್‌ಮೆಂಟ್ ಇರೋ ಕಾಯಿಲೆಗಳಿವೆ, ಅವುಗಳಲ್ಲಿ ಗಂಟೆ ಗಂಟೆಗೂ ಬೆಲೆ ಇದೆ. ವಯಸ್ಸಾದೋರಿಗೆ ಕಣತಲೆ ನೋವು, ತಲೆ ಬಾಚೋವಾಗ ನೆತ್ತಿ ನೋವು, ಅಗಿಯೋವಾಗ ದವಡೆ ನೋವು ಇದ್ದು ಕಣ್ಣು ಹೋದ್ರೆ ಅದು ರಕ್ತನಾಳದ ಉರಿಯೂತ ಆಗಿರಬಹುದು, ಜೈಂಟ್ ಸೆಲ್ ಆರ್ಟರೈಟಿಸ್ ಅಂತಾರೆ. ನಮ್ಮಲ್ಲಿ ಇದು ಉತ್ತರ ಯುರೋಪಿನಷ್ಟು ಸಾಮಾನ್ಯ ಅಲ್ಲ, ಆದ್ರೆ ಬಂದವರಿಗೆ ಕೂಡಲೇ ದೊಡ್ಡ ಡೋಸ್ ಸ್ಟೀರಾಯ್ಡ್ ಕೊಡದಿದ್ರೆ ಇನ್ನೊಂದು ಕಣ್ಣೂ ಕೆಲವೇ ದಿನದಲ್ಲಿ ಹೋಗಬಹುದು. ಇಎಸ್‌ಆರ್, ಸಿಆರ್‌ಪಿ ಅನ್ನೋ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಇದರ ಸುಳಿವು ಸಿಗುತ್ತೆ. ಅಕ್ಷಿಪಟದ ಮುಖ್ಯ ರಕ್ತನಾಳವೇ ಕಟ್ಟಿಕೊಂಡ್ರೆ ಅದು ಮೆದುಳಿನ ಸ್ಟ್ರೋಕ್‌ಗೆ ಸಮ, ಹೃದಯ, ಕುತ್ತಿಗೆಯ ರಕ್ತನಾಳ ಎಲ್ಲ ಆಗಲೇ ನೋಡಬೇಕು.

ಚಿಕ್ಕ ವಯಸ್ಸಿನೋರಲ್ಲಿ, ಹೆಣ್ಣುಮಕ್ಕಳಲ್ಲಿ ಹೆಚ್ಚಾಗಿ, ಕಣ್ಣು ಹೊರಳಿಸಿದಾಗ ನೋವಿದ್ದು ಎರಡು ಮೂರು ದಿನದಲ್ಲಿ ನೋಟ ಮಬ್ಬಾದ್ರೆ ಅದು ಆಪ್ಟಿಕ್ ನ್ಯೂರೈಟಿಸ್, ನರದ ಉರಿಯೂತ. ಇಲ್ಲಿ ಒಂದು ಹಳೇ ಪಾಠ ಇದೆ. 1992ರ ಅಮೆರಿಕದ ದೊಡ್ಡ ಟ್ರಯಲ್‌ನಲ್ಲಿ ಬರೀ ಸ್ಟೀರಾಯ್ಡ್ ಮಾತ್ರೆ ಮಾಮೂಲಿ ಡೋಸಲ್ಲಿ ತಗೊಂಡೋರಿಗೆ ಕಾಯಿಲೆ ಮರುಕಳಿಸೋದು ಜಾಸ್ತಿ ಆಯ್ತು, ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಟ್ಟೋರು ಬೇಗ ಚೇತರಿಸಿಕೊಂಡ್ರು. ಹಾಗಾಗಿ ಪಕ್ಕದ ಮೆಡಿಕಲ್ ಶಾಪಿನಲ್ಲಿ ನಾಲ್ಕು ಸ್ಟೀರಾಯ್ಡ್ ಮಾತ್ರೆ ತಗೊಂಡು ನೋಡೋಣ ಅನ್ನೋದು ಅಪಾಯ. ಇದರಲ್ಲೇ ಎನ್‌ಎಂಒಎಸ್‌ಡಿ ಅನ್ನೋ ತೀವ್ರವಾದ ಬಗೆ ಇದೆ, ಅಕ್ವಾಪೋರಿನ್-4 ಅನ್ನೋ ಪ್ರೋಟೀನ್ ವಿರುದ್ಧ ದೇಹವೇ ಆಂಟಿಬಾಡಿ ತಯಾರಿಸಿ ನರವನ್ನ ಹಾಳು ಮಾಡುತ್ತೆ, ಆ ಆಂಟಿಬಾಡಿ ಗುರುತಾಗಿದ್ದೇ 2004ರಲ್ಲಿ. ಮಂಗಳೂರಿನ ನಿಟ್ಟೆ ವಿಶ್ವವಿದ್ಯಾಲಯದ ನರರೋಗ ತಂಡ ಈ ಗುಂಪಿನ ಕಾಯಿಲೆಗಳ ಆಂಟಿಬಾಡಿ ಪರೀಕ್ಷೆ ಬಗ್ಗೆ ವರ್ಷಗಳಿಂದ ಕೆಲಸ ಮಾಡ್ತಿದೆ. ಇದರಲ್ಲಿ ತಡ ಮಾಡಿದ್ರೆ ಕಣ್ಣು ಹೋಗೋದಲ್ಲದೆ ಮುಂದಿನ ಸಲ ಬೆನ್ನುಹುರಿಗೆ ಬಂದು ಕಾಲು ಸ್ವಾಧೀನ ತಪ್ಪಬಹುದು, ಬೇಗ ಪತ್ತೆಯಾದ್ರೆ ತಡೆಯೋ ಔಷಧಿಗಳಿವೆ.

ಇದೆಲ್ಲ ಯಾವುದು ಅಂತ ಬಿಡಿಸೋ ಕೆಲಸ ದೊಡ್ಡ ಮಿಷಿನ್‌ನಿಂದ ಶುರುವಾಗಲ್ಲ. ಡಾಕ್ಟರು ಟಾರ್ಚ್ ಬೆಳಕನ್ನ ಒಂದು ಕಣ್ಣಿಂದ ಇನ್ನೊಂದಕ್ಕೆ ಆಡಿಸ್ತಾರೆ, ನರ ಕೆಟ್ಟಿರೋ ಕಣ್ಣಿಗೆ ಬೆಳಕು ಬಿದ್ದಾಗ ಪಾಪೆ ಕಿರಿದಾಗೋ ಬದಲು ಅಗಲ ಆಗುತ್ತೆ. ಒಂದು ನಿಮಿಷದ ಕೆಲಸ, ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತೆ. ಮನೇಲೂ ಒಂದೊಂದೇ ಕಣ್ಣು ಮುಚ್ಚಿ ಕುಂಕುಮದ ಡಬ್ಬಿ ನೋಡಬಹುದು, ಒಂದು ಕಣ್ಣಿಗೆ ಕಡುಗೆಂಪು, ಇನ್ನೊಂದಕ್ಕೆ ಮಾಸಿದ ಕೆಂಪು ಅಂತ ಕಂಡ್ರೆ ನರದ ತೊಂದರೆ ಇರಬಹುದು, ತಡ ಮಾಡಬಾರದು.

ಸುದ್ದಿಯಾಗದೇ ಉಳಿದ ಮಾತ್ರೆ

ಔಷಧಿಯಿಂದ ಕಣ್ಣಿನ ನರ ಕೆಡೋ ಮಾತು ಬಂದಾಗ ನಮ್ಮ ದೇಶದಲ್ಲಿ ಮೊದಲು ಹೇಳಬೇಕಾದ ಹೆಸರು ಇಥಾಂಬ್ಯುಟಾಲ್, ಟಿಬಿ ಮಾತ್ರೆ. ಇದರಲ್ಲಿ ಕಾರಣನಾ ಅಲ್ಲವಾ ಅನ್ನೋ ಜಗಳವೇ ಇಲ್ಲ, ದಶಕಗಳಿಂದ ಗೊತ್ತಿರೋ ವಿಷಯ. ಮಾಮೂಲಿ ಡೋಸಲ್ಲಿ ನೂರಕ್ಕೆ ಒಬ್ಬರ ಆಸುಪಾಸು ಅಂತ ಲೆಕ್ಕ, ಸೆಮಾಗ್ಲುಟೈಡ್‌ನ ಹತ್ತು ಸಾವಿರಕ್ಕೆ ಒಂದರ ಪಕ್ಕ ಇಟ್ಟು ನೋಡಿ. ಕಿಡ್ನಿ ಸರಿ ಇಲ್ಲದೋರಿಗೆ ಔಷಧಿ ದೇಹದಲ್ಲೇ ಉಳಿದು ಅಪಾಯ ಇನ್ನೂ ಜಾಸ್ತಿ. ನಮ್ಮ ರಾಷ್ಟ್ರೀಯ ಕಾರ್ಯಕ್ರಮದ ದಿನವಹಿ ಚಿಕಿತ್ಸೆಯಲ್ಲಿ ಮೊದಲ ಎರಡು ತಿಂಗಳು ಮಾತ್ರ ಅಲ್ಲ, ಮುಂದಿನ ನಾಲ್ಕು ತಿಂಗಳೂ ಇದು ಇರುತ್ತೆ. ಟಿಬಿ ವಾಸಿ ಆಗಬೇಕಾದ್ರೆ ಅದು ಬೇಕು, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಆ ಆರು ತಿಂಗಳಲ್ಲಿ ಎಷ್ಟು ಜನರ ಕಣ್ಣು ಒಂದು ಸಲವಾದ್ರೂ ಪರೀಕ್ಷೆ ಆಗುತ್ತೆ? ಇಲ್ಲಿ ಎರಡೂ ಕಣ್ಣು ನಿಧಾನವಾಗಿ ಮಂಜಾಗೋದು, ಕೆಂಪು ಹಸಿರು ಗುರುತಿಸೋದು ಕಷ್ಟ ಆಗೋದು ಶುರು, ಬೇಗ ನಿಲ್ಲಿಸಿದ್ರೆ ಬಹಳ ಜನಕ್ಕೆ ನೋಟ ವಾಪಸ್ ಬರುತ್ತೆ, ತಡವಾದ್ರೆ ಬರಲ್ಲ. ಟಿಬಿ ಮಾತ್ರೆ ಎಲ್ಲವನ್ನೂ ತಾವೇ ನಿಲ್ಲಿಸಬಾರದು, ಅದೇ ದಿನ ಟಿಬಿ ಡಾಕ್ಟರಿಗೆ ಹೇಳಿದ್ರೆ ಇದೊಂದನ್ನ ಬದಲಾಯಿಸ್ತಾರೆ.

ಕಳ್ಳಭಟ್ಟಿಯ ಮೆಥನಾಲ್ ಕೂಡ ಇದೇ ನರಕ್ಕೆ ಹೊಡೆಯೋದು. ಹೊಟ್ಟೆಗೆ ಹೋದ ಮೆಥನಾಲ್ ಫಾರ್ಮಿಕ್ ಆಸಿಡ್ ಆಗಿ ನರದ ಎಳೆಗಳಿಗೆ ಶಕ್ತಿ ಸಿಗದ ಹಾಗೆ ಮಾಡುತ್ತೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ರು, 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು. ಸತ್ತೋರ ಸಂಖ್ಯೆ ಪತ್ರಿಕೆಯಲ್ಲಿ ಬರುತ್ತೆ, ಇಂಥ ದುರಂತಗಳಲ್ಲಿ ಬದುಕಿ ಉಳಿದು ಎರಡೂ ಕಣ್ಣು ಕಳ್ಕೊಂಡೋರ ಸಂಖ್ಯೆ ಯಾರೂ ಕೇಳಲ್ಲ.

ಒಂದು ಕಣ್ಣು ಹೋದ ಮೇಲೆ

ಎನ್‌ಎಐಒಎನ್ ಆದ ಕಣ್ಣಿಗೆ ಮತ್ತೆ ಅದೇ ಆಗೋದು ಬಹಳ ಕಡಿಮೆ, ಕಾಳಜಿ ಇರಬೇಕಾದದ್ದು ಇನ್ನೊಂದು ಕಣ್ಣಿನ ಬಗ್ಗೆ. ಮೇಲೆ ಹೇಳಿದ 1995ರ ಟ್ರಯಲ್‌ನ ಪೇಶೆಂಟ್‌ಗಳನ್ನ ಮುಂದೆ ಐದು ವರ್ಷದಷ್ಟು ಕಾಲ ಗಮನಿಸಿದಾಗ ಸುಮಾರು 15% ಜನಕ್ಕೆ ಎರಡನೇ ಕಣ್ಣಿಗೂ ಬಂದಿತ್ತು. ಹಾಗಾಗಿ ಒಂದು ಕಣ್ಣು ಹೀಗಾದೋರಿಗೆ ಸೆಮಾಗ್ಲುಟೈಡ್ ನಿಲ್ಲಿಸೋದು, ಶುಗರ್‌ಗೆ ಬೇರೆ ಔಷಧಿ ಹೊಂದಿಸೋದು, ರಾತ್ರಿ ಬಿಪಿ ಎಷ್ಟು ಇಳಿಯುತ್ತೆ ಅಂತ 24 ಗಂಟೆಯ ಮಿಷಿನ್ ಕಟ್ಟಿ ನೋಡೋದು, ಗೊರಕೆ ಇದ್ರೆ ನಿದ್ದೆಯ ಪರೀಕ್ಷೆ ಮಾಡಿಸೋದು, ಇವೆಲ್ಲ ಶುಗರ್ ಡಾಕ್ಟರು ಕಣ್ಣಿನ ಡಾಕ್ಟರು ಇಬ್ಬರೂ ಮಾತಾಡ್ಕೊಂಡು ಮಾಡಬೇಕಾದ ಕೆಲಸ. ಅವರಿಬ್ಬರು ಬೇರೆ ಬೇರೆ ಆಸ್ಪತ್ರೆಯಲ್ಲಿದ್ರೆ ಒಬ್ಬರ ಚೀಟಿಯನ್ನ ಇನ್ನೊಬ್ಬರಿಗೆ ಮುಟ್ಟಿಸೋರು ಸದ್ಯಕ್ಕೆ ಪೇಶೆಂಟ್ ಮತ್ತು ಮನೆಯೋರೇ. ಇಂಜೆಕ್ಷನ್ ಶುರುವಾದ ತಾರೀಕು, ಡೋಸ್ ಏರಿಸಿದ ತಾರೀಕು, ಕಣ್ಣಿಗೆ ಮೊದಲು ತೊಂದರೆ ಕಂಡ ದಿನ ಮೂರನ್ನೂ ಒಂದು ಹಾಳೆ ಮೇಲೆ ಬರೆದು ಚೀಟಿ ಜೊತೆ ಇಟ್ಕೊಂಡ್ರೆ ಇಬ್ಬರೂ ಕೇಳಬೇಕಾದ ಹತ್ತು ಪ್ರಶ್ನೆ ತಪ್ಪುತ್ತೆ.